ಖಾಲಿ ಕೈಗೂ ಮಾತು ಕೇಳುವ ನಾಯಿ: ತಿಂಡಿಯ ಹಂಗಿಲ್ಲದೆ ಕಲಿಸುವ ಬಗೆ

ಮುಂದೆ ಓದುವ ಮುಂಚೆ ಎದ್ದು ಹೋಗಿ ಒಂದು ಸಣ್ಣ ಪರೀಕ್ಷೆ ಮಾಡಿ ಬನ್ನಿ. ನಿಮ್ಮ ನಾಯಿಗೆ ಎರಡೂ ಅಂಗೈ ಬಿಡಿಸಿ ತೋರಿಸಿ, ಮೂಸಿ ನೋಡಲು ಬಿಡಿ. ಏನೂ ಇಲ್ಲ ಅಂತ ಅದಕ್ಕೆ ಖಾತ್ರಿಯಾಗಲಿ. ಆಮೇಲೆ ಕೈಕಟ್ಟಿ ನಿಂತು ಒಂದೇ ಒಂದು ಸಲ 'ಸಿಟ್' ಅನ್ನಿ. ಕೂತರೆ ಸಂತೋಷ. ಈಗ ಬೆನ್ನು ತಿರುಗಿಸಿ ನಿಂತು ಹೇಳಿ. ಕುರ್ಚಿಯಲ್ಲಿ ಕೂತು ಹೇಳಿ. ಕೊನೆಗೆ ನೆಲದ ಮೇಲೆ ಅಂಗಾತ ಮಲಗಿ, ಸೂರು ನೋಡುತ್ತಾ ಹೇಳಿ.

ಬಹಳಷ್ಟು ನಾಯಿಗಳು ಎರಡನೆಯದರಲ್ಲೋ ಮೂರನೆಯದರಲ್ಲೋ ತಡವರಿಸುತ್ತವೆ. ನನ್ನದಂತೂ ನಾನು ಮಲಗಿದ ಕೂಡಲೇ ಬಂದು ಮುಖ ನೆಕ್ಕಿತು. ಆವತ್ತಿನವರೆಗೂ ಅದಕ್ಕೆ 'ಸಿಟ್' ಚೆನ್ನಾಗಿ ಬರುತ್ತದೆ ಅಂತ ನಾನು ಎಲ್ಲರೆದುರು ಹೇಳಿಕೊಂಡು ತಿರುಗುತ್ತಿದ್ದೆ.

ಇದು ನಾಯಿಯ ಹಟವಲ್ಲ. ನಾವು ಒಂದು ಪದ ಕಲಿಸಿದೆವು ಅಂದುಕೊಂಡಿರುತ್ತೇವೆ. ಅದು ಕಲಿತಿರುವುದು ಒಂದು ಇಡೀ ಚಿತ್ರವನ್ನು: ಮನೆಯವರು ಎದುರಿಗೆ ನಿಂತಿದ್ದಾರೆ, ಬಲಗೈ ಜೇಬಿಗೆ ಹೋಗಿದೆ, ಪ್ಯಾಕೆಟ್ಟು ಪರಪರ ಅಂದಿದೆ, ಸೊಂಟ ಸ್ವಲ್ಪ ಬಾಗಿದೆ. ನಮ್ಮ ಮಾತು ಆ ಚಿತ್ರದ ಒಂದು ಮೂಲೆಯಲ್ಲಿದೆ ಅಷ್ಟೆ. ಪ್ಯಾಕೆಟ್ಟನ್ನು ತೆಗೆದರೆ ಚಿತ್ರದ ಮುಖ್ಯ ಭಾಗವೇ ಹೋದಂತೆ. ಆಗ ನಾಯಿ ನಿಮ್ಮ ಆಜ್ಞೆಯನ್ನು ಮೀರುತ್ತಿಲ್ಲ, ಆಜ್ಞೆ ಬಂದಿದ್ದೇ ಅದಕ್ಕೆ ಗೊತ್ತಾಗಿಲ್ಲ.

ಲಂಚ ಯಾವುದು, ಸಂಬಳ ಯಾವುದು

ತಿಂಡಿ ತೋರಿಸಿ ಕೆಲಸ ಮಾಡಿಸಿಕೊಂಡರೆ ಲಂಚ. ಕೆಲಸ ಮುಗಿದ ಮೇಲೆ ಎಲ್ಲಿಂದಲೋ ಬಂದು ಕೈಸೇರಿದರೆ ಸಂಬಳ. ತಿಂಡಿ ಅದೇ, ಬಂದ ಹೊತ್ತು ಬೇರೆ. ಲಂಚಕ್ಕೆ ಒಗ್ಗಿದ ನಾಯಿ ಮೊದಲು ಕೈ ನೋಡುತ್ತದೆ, ಆಮೇಲೆ ಕೂರಬೇಕೋ ಬೇಡವೋ ತೀರ್ಮಾನಿಸುತ್ತದೆ.

ಇನ್ನೊಂದು ಕಡೆ, 'ನನ್ನ ನಾಯಿ ಪ್ರೀತಿಗಾಗಿ ಮಾತು ಕೇಳಬೇಕು, ತಿನ್ನುವುದಕ್ಕಾಗಿ ಅಲ್ಲ' ಅನ್ನುವವರಿದ್ದಾರೆ. ಆಸೆ ಒಳ್ಳೆಯದೇ. ಆದರೆ ಯಾವ ಪ್ರಾಣಿಯೂ ಪುಕ್ಕಟೆ ಕೆಲಸ ಮಾಡುವುದಿಲ್ಲ. ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದ್ದು ಇದನ್ನೇ. ಪರಚುತ್ತಾ, ತಡಕಾಡುತ್ತಾ ಇದ್ದಾಗ ಅಕಸ್ಮಾತ್ತಾಗಿ ಚಿಲಕ ಕಳಚಿ ಬೆಕ್ಕು ಹೊರಬರುತ್ತಿತ್ತು. ಮತ್ತೆ ಮತ್ತೆ ಒಳಗಿಟ್ಟಂತೆ ಬೇರೆ ಒದ್ದಾಟ ಕಡಿಮೆಯಾಗಿ, ಚಿಲಕಕ್ಕೆ ಕೈಹಾಕುವುದು ಬೇಗ ಬೇಗ ಆಗುತ್ತಾ ಬಂತು. ಹಿತವಾದ ಫಲ ಕೊಟ್ಟ ನಡವಳಿಕೆ ಉಳಿಯುತ್ತದೆ, ಕೊಡದ್ದು ಉದುರಿ ಹೋಗುತ್ತದೆ.

ಹಿತವಾದ ಫಲ ಅಂದರೆ ತಿಂಡಿಯೇ ಆಗಬೇಕೇ? ಡೇವಿಡ್ ಪ್ರಿಮ್ಯಾಕ್ ಎಂಬ ಮನೋವಿಜ್ಞಾನಿ 1959ರಲ್ಲಿ ಮುಂದಿಟ್ಟ ವಿಚಾರ ಇಲ್ಲಿ ನಮ್ಮ ಕೈಹಿಡಿಯುತ್ತದೆ. ಪ್ರಾಣಿ ತಾನಾಗಿ ಹೆಚ್ಚು ಮಾಡಬಯಸುವ ಕೆಲಸವನ್ನು, ಅದು ಕಡಿಮೆ ಮಾಡಬಯಸುವ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು. ಹೋಮ್‌ವರ್ಕ್ ಮುಗಿಸು, ಆಮೇಲೆ ಆಡಲು ಹೋಗು ಅನ್ನುವ ಪ್ರತಿ ಅಮ್ಮನಿಗೂ ಗೊತ್ತಿರುವ ಸೂತ್ರ. ನಾಯಿಯ ಲೆಕ್ಕದಲ್ಲಿ ಅದು ಹೀಗೆ: ಕೂರು, ಆಮೇಲೆ ಬಾಗಿಲು ತೆರೆಯುತ್ತೇನೆ. ನನ್ನ ಬಳಿ ಬಾ, ಆಮೇಲೆ ಆ ಕಂಬ ಮೂಸಲು ಬಿಡುತ್ತೇನೆ.

ಹೊಗಳಿಕೆಯ ಬಗ್ಗೆ ಒಂದು ಮಾತು, ಏಕೆಂದರೆ ತಿಂಡಿ ಬಿಟ್ಟವರು ಮೊದಲು ಹಿಡಿಯುವುದು ಅದನ್ನೇ. ನರವಿಜ್ಞಾನಿ ಗ್ರೆಗರಿ ಬರ್ನ್ಸ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಚ್ಚರವಾಗಿದ್ದ ನಾಯಿಗಳನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಮಿದುಳನ್ನು ನೋಡಿದರು. ಪೂರ್ತಿ ಮುಗಿಸಿದ 13 ನಾಯಿಗಳಲ್ಲಿ ಹೆಚ್ಚಿನವು ಮನೆಯವರ ಹೊಗಳಿಕೆಗೂ ತಿಂಡಿಗೂ ಸರಿಸಮನಾಗಿ ಸ್ಪಂದಿಸಿದವು ಅಥವಾ ಹೊಗಳಿಕೆಯ ಕಡೆಗೇ ವಾಲಿದವು. ಎರಡು ಮಾತ್ರ ಸ್ಪಷ್ಟವಾಗಿ ತಿಂಡಿಪೋತರು. ಇದನ್ನು ಓದಿ ಹಿಗ್ಗುವ ಮೊದಲು ನಾಯಿಗಳ ನಡವಳಿಕೆಯ ಸಂಶೋಧಕರಾದ ಎರಿಕಾ ಫಾಯರ್‌ಬಾಕರ್ ಮತ್ತು ಕ್ಲೈವ್ ವಿನ್ 2012ರಲ್ಲಿ ಕಂಡಿದ್ದನ್ನೂ ನೋಡಿ. ಒಂದು ಹೊಸ ಕೆಲಸ ಮಾಡಿಸಲು ನಾಲ್ಕೇ ಸೆಕೆಂಡಿನ ಸವರುವಿಕೆ, ಹೊಗಳಿಕೆಗಿಂತ ತಿಂಡಿಯೇ ಬಹಳ ಮುಂದಿತ್ತು. 2015ರಲ್ಲಿ ಅವರೇ ಸವರುವುದನ್ನೂ ಬಾಯಿಮಾತನ್ನೂ ಎದುರುಬದುರು ಇಟ್ಟಾಗ ನಾಯಿಗಳು ಸವರುವ ಕೈಯನ್ನೇ ಆರಿಸಿಕೊಂಡವು, ಬರೀ ಮಾತಿಗೆ ಕ್ಯಾರೇ ಅನ್ನಲಿಲ್ಲ.

ಹಾಗಾಗಿ ದಿನಕ್ಕೆ ನೂರು ಸಲ 'ಗುಡ್ ಬಾಯ್' ಅನ್ನುವುದು ಸವಕಲು ನಾಣ್ಯ. ಅದನ್ನು ನೆಚ್ಚಿ ತಿಂಡಿ ನಿಲ್ಲಿಸಿದವರ ನಾಯಿಗಳೇ 'ಹೇಳಿದ್ದು ಕೇಳಲ್ಲ' ಅನ್ನಿಸಿಕೊಳ್ಳುವುದು.

ಒಂದು ವಾರ ಏನೂ ಕಲಿಸಬೇಡಿ

ಬರೀ ನೋಡಿ, ಬರೆದಿಡಿ. ನಿಮ್ಮ ನಾಯಿ ದಿನದಲ್ಲಿ ಏನೇನಕ್ಕೆ ಹಾತೊರೆಯುತ್ತದೆ? ಬಾಗಿಲು ತೆರೆಯುವುದು, ಬೆಲ್ಟ್ ಹಾಕಿಸಿಕೊಳ್ಳುವುದು, ವಾಹನಕ್ಕೆ ಹತ್ತುವುದು, ಸೋಫಾ ಮೇಲೆ ಜಾಗ, ಚೆಂಡು, ಹಗ್ಗ ಎಳೆದಾಟ, ಇನ್ನೊಂದು ನಾಯಿಯ ಬಳಿ ಹೋಗುವುದು, ಹುಲ್ಲಿನಲ್ಲಿ ಹೊರಳುವುದು, ಕಿವಿಯ ಹಿಂದೆ ಕೆರೆಸಿಕೊಳ್ಳುವುದು, ಹಕ್ಕಿಯನ್ನು ನೋಡುತ್ತಾ ನಿಲ್ಲುವುದು. ಇವೆಲ್ಲ ನೀವು ಈಗ ಧರ್ಮಕ್ಕೆ ಕೊಡುತ್ತಿರುವ ಸಂಬಳ. ನನ್ನ ನಾಯಿಯ ಪಟ್ಟಿಯಲ್ಲಿ ಮೊದಲ ಸ್ಥಾನ ಒದ್ದೆ ಮಣ್ಣು ಕೆದರುವುದಕ್ಕೆ ಬಂತು. ತಿಂಡಿ ಐದನೆಯದು.

ಪಟ್ಟಿಯನ್ನು ಮೂರು ಗುಂಪು ಮಾಡಿಕೊಳ್ಳಿ: ಪ್ರಾಣಕ್ಕಿಂತ ಹೆಚ್ಚಿನವು, ಇಷ್ಟದವು, ಇದ್ದರೂ ಆದೀತು ಅನ್ನುವಂಥವು. ಕಷ್ಟದ ಕೆಲಸಕ್ಕೆ ಮೊದಲ ಗುಂಪಿನಿಂದ ಸಂಬಳ ಕೊಡಬೇಕು. ಪಾರ್ಕಿನಲ್ಲಿ ಬೆಕ್ಕನ್ನು ಬಿಟ್ಟು ನಿಮ್ಮ ಬಳಿ ಓಡಿಬಂದ ನಾಯಿಯ ತಲೆ ಮೇಲೆ ಎರಡು ಸಲ ತಟ್ಟಿ ಕಳಿಸಿದರೆ ಅದಕ್ಕೆ ಮೋಸವಾದಂತೆಯೇ. ಅಂದಹಾಗೆ, ತಲೆ ಮೇಲೆ ತಟ್ಟುವುದು ತುಂಬ ನಾಯಿಗಳಿಗೆ ಇಷ್ಟವಿಲ್ಲ. ಕೈ ಮೇಲಿಂದ ಇಳಿಯುವಾಗ ಕತ್ತು ತಗ್ಗಿಸುತ್ತದೆಯೋ ಗಮನಿಸಿ. ಎದೆಯ ಮುಂಭಾಗ ಅಥವಾ ಬಾಲದ ಬುಡ ಕೆರೆದು, ಮೂರು ಸೆಕೆಂಡಿಗೆ ಕೈ ತೆಗೆಯಿರಿ. ಅದು ಒತ್ತರಿಸಿಕೊಂಡು ಬಂದರೆ ಬಹುಮಾನ, ಮುಖ ತಿರುಗಿಸಿದರೆ ಕಿರಿಕಿರಿ.

ಪದಗಳನ್ನು ಆರಿಸುವುದು

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ಕನ್ನಡ ಮಾತಾಡುವ ಮನೆಯಲ್ಲಿ ಅರ್ಧ ತೊಂದರೆ ಇಲ್ಲೇ ಇದೆ. ನಮ್ಮ ಕ್ರಿಯಾಪದ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಅಪ್ಪ 'ಕೂತ್ಕೋ' ಅಂದರೆ ಅಜ್ಜಿ 'ಕುಳ್ಳಿರು' ಅನ್ನುತ್ತಾರೆ, ಮಗಳು 'ಕೂತ್ಕೊಳೋ ಪುಟ್ಟ' ಅನ್ನುತ್ತಾಳೆ, ಸಿಟ್ಟು ಬಂದವರು 'ಕೂರ್ತೀಯೋ ಇಲ್ವೋ' ಅನ್ನುತ್ತಾರೆ. ನಮ್ಮ ಕಿವಿಗೆ ಇವೆಲ್ಲ ಒಂದೇ, ನಾಯಿಗೆ ನಾಲ್ಕು ಬೇರೆ ಬೇರೆ ಸದ್ದು. ಸಿಟ್, ಸ್ಟೇ, ಕಮ್ ಅಂತ ಇಂಗ್ಲಿಷಿನಲ್ಲಿ ಹೇಳುವವರನ್ನು ನಾನೂ ಹಿಂದೆ ಆಡಿಕೊಳ್ಳುತ್ತಿದ್ದೆ. ಈಗ ಅನ್ನಿಸುತ್ತದೆ, ಆ ಪದಗಳಿಗೆ ನಮ್ಮ ಬಾಯಲ್ಲಿ ಬಾಲ ಬೆಳೆಯುವುದಿಲ್ಲ, ಅದೇ ಅವುಗಳ ಲಾಭ.

ಕನ್ನಡದಲ್ಲೇ ಹೇಳಬೇಕೆಂದಿದ್ದರೆ ಖಂಡಿತ ಹೇಳಿ. ಆದರೆ ಒಂದೊಂದು ಕೆಲಸಕ್ಕೆ ಒಂದೇ ರೂಪ ಗೊತ್ತುಮಾಡಿ, ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. 'ಬಾ' ಬೇಡ. ದಿನವಿಡೀ 'ಒಳಗೆ ಬಾ', 'ಊಟಕ್ಕೆ ಬಾ' ಅಂತ ಮನುಷ್ಯರನ್ನೇ ಕರೆಯುತ್ತಿರುತ್ತೇವೆ, ನಾಯಿಗೆ ಅದು ಗಾಳಿಯ ಸದ್ದಿನಂತಾಗಿರುತ್ತದೆ. ನಾನು ಕರೆಯುವುದಕ್ಕೆ 'ಇಲ್ಲಿ' ಅಂತ ಇಟ್ಟುಕೊಂಡಿದ್ದೆ, ಅದೂ ಕೆಟ್ಟಿತು, ಅದೇ ಕಾರಣಕ್ಕೆ. ಕೊನೆಗೆ ಎರಡು ಗಿಡ್ಡ ಶಿಳ್ಳೆಗೆ ಬಂದು ನಿಂತೆ.

ಆಜ್ಞೆಗಳಲ್ಲದೆ ಇನ್ನೆರಡು ಪದ ಬೇಕು. ಮೊದಲನೆಯದು 'ಸರಿಯಾಗಿ ಮಾಡಿದೆ' ಅನ್ನುವ ಗುರುತು. ಗಿಡ್ಡಗಿರಬೇಕು, ಬೇರೆಲ್ಲೂ ಬಳಸದ್ದಾಗಿರಬೇಕು, 'ಭೇಷ್' ಚೆನ್ನಾಗಿದೆ. ಹಿಂಭಾಗ ನೆಲ ಮುಟ್ಟಿದ ಆ ಕ್ಷಣಕ್ಕೇ ಅದು ಬಾಯಿಂದ ಹೊರಡಬೇಕು. ಎರಡು ಸೆಕೆಂಡ್ ತಡವಾದರೆ ನೀವು ಭೇಷ್ ಅಂದದ್ದು ಅದು ಎದ್ದು ನಿಂತಿದ್ದಕ್ಕೆ. ಎರಡನೆಯದು 'ಮುಗಿಯಿತು, ಇನ್ನು ನಿನ್ನಿಷ್ಟ' ಅನ್ನುವ ಬಿಡುಗಡೆ. ಇದಕ್ಕೆ 'ಆಯ್ತು' ಇಡಬೇಡಿ, ಫೋನಿನಲ್ಲಿ ಹತ್ತು ಸಲ 'ಆಯ್ತು ಆಯ್ತು' ಅನ್ನುತ್ತೀರಿ. 'ಓಡು' ಅನ್ನಿ.

ಹಂತ 1: ಬಾಗಿಲೇ ಗುರು

ಮೊದಲ ಪಾಠಕ್ಕೆ ಬಾಗಿಲಿಗಿಂತ ಒಳ್ಳೆಯ ಜಾಗವಿಲ್ಲ. ಸಂಬಳ ಬಾಗಿಲಾಚೆ ಸಿದ್ಧವಾಗಿ ಕಾದಿರುತ್ತದೆ, ಬೀಗದ ಕೈ ನಿಮ್ಮಲ್ಲಿರುತ್ತದೆ.

ಬೆಲ್ಟ್ ಹಾಕಿ ಮುಚ್ಚಿದ ಬಾಗಿಲ ಬಳಿ ನಿಲ್ಲಿ. ಏನೂ ಹೇಳಬೇಡಿ. ನಾಯಿ ಕುಣಿಯುತ್ತದೆ, ಕುಂಯ್ ಅನ್ನುತ್ತದೆ, ಬಾಗಿಲು ಕೆರೆಯುತ್ತದೆ. ನೀವು ಕಂಬದಂತೆ ನಿಂತಿರಿ. ಮೊದಲ ದಿನ ನಾಲ್ಕೈದು ನಿಮಿಷವೂ ಹಿಡಿಯಬಹುದು, ಆದ್ದರಿಂದ ಆಫೀಸಿಗೆ ತಡವಾಗುತ್ತಿರುವ ಬೆಳಗ್ಗೆ ಇದನ್ನು ಶುರುಮಾಡಬೇಡಿ. ಎಲ್ಲ ಆಟ ಮುಗಿದ ಮೇಲೆ ಅದು 'ಇವರಿಗೇನಾಯ್ತು' ಅಂತ ನಿಮ್ಮ ಮುಖ ನೋಡುತ್ತಾ ಕೂರುತ್ತದೆ. ತಕ್ಷಣ 'ಭೇಷ್' ಅಂದು ಚಿಲಕಕ್ಕೆ ಕೈಹಾಕಿ.

ಅದು ಎದ್ದೇ ಏಳುತ್ತದೆ. ಕೈ ಹಿಂದೆ ತನ್ನಿ. ಬೈಯಬೇಡಿ, 'ಊಹೂಂ' ಕೂಡ ಬೇಡ. ಮತ್ತೆ ಕೂತಾಗ ಮತ್ತೆ ಚಿಲಕ. ಈಗ ಬಾಗಿಲು ಒಂದು ಗೇಣು ತೆರೆಯಿರಿ. ಎದ್ದರೆ ಮೂಗಿಗೆ ತಾಗದಂತೆ ಮುಚ್ಚಿ. ಬಾಗಿಲು ಪೂರ್ತಿ ತೆರೆದು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಅದು ಕೂತಿದ್ದರೆ 'ಓಡು' ಅಂದು ಹೊರಗೆ ಬಿಡಿ. ಇಲ್ಲಿ ಪಾಠ ಕಲಿಸುತ್ತಿರುವುದು ಬಾಗಿಲು: ಕೂತರೆ ತೆರೆಯುತ್ತದೆ, ಎದ್ದರೆ ಮುಚ್ಚುತ್ತದೆ. ನಾಲ್ಕೈದು ದಿನಗಳಲ್ಲಿ ಬಾಗಿಲ ಬಳಿ ಹೋದ ಕೂಡಲೇ ಅದಾಗಿಯೇ ಕೂರತೊಡಗುತ್ತದೆ.

ಆಮೇಲೆಯೇ ಪದ ಸೇರಿಸಬೇಕು. ಇನ್ನೇನು ಕೂರುತ್ತದೆ ಅನ್ನಿಸಿದಾಗ, ಕೂರುವ ಅರೆಕ್ಷಣ ಮೊದಲು 'ಸಿಟ್' ಅನ್ನಿ, ಒಂದೇ ಸಲ. ಮೊದಲಿಂದಲೇ 'ಸಿಟ್ ಸಿಟ್ ಸಿಟ್' ಅಂದರೆ ಆ ಪದಕ್ಕೆ ನಾಯಿಯ ನಿಘಂಟಿನಲ್ಲಿ 'ಕುಣಿ' ಅಂತ ಅರ್ಥ ಬಂದುಬಿಡುತ್ತದೆ.

ಬಾಗಿಲಲ್ಲಿ ಗಟ್ಟಿಯಾದ ಮೇಲೆ ಅದನ್ನೇ ಬೇರೆಡೆಗೆ ಒಯ್ಯಿರಿ: ಬೆಲ್ಟ್ ಹಾಕುವ ಮುಂಚೆ, ಚೆಂಡು ಎಸೆಯುವ ಮುಂಚೆ, ಊಟದ ಬಟ್ಟಲು ಇಡುವ ಮುಂಚೆ, ವಾಹನ ಹತ್ತುವ ಮುಂಚೆ, ಅತಿಥಿಯನ್ನು ಮಾತಾಡಿಸುವ ಮುಂಚೆ. ಬಟ್ಟಲು ತಿಂಡಿಯಲ್ಲವೇ ಅಂತ ಕೇಳಬಹುದು. ಅದು ಹೇಗಿದ್ದರೂ ಕೊಡುವ ಊಟ, ಜೇಬಿನಲ್ಲಿ ಹೊತ್ತು ತಿರುಗುವ ಆಮಿಷವಲ್ಲ. ಆದರೆ ಕೂರಲಿಲ್ಲವೆಂದು ಊಟ ತಪ್ಪಿಸುವುದು ಬೇಡ. ನಿಮಿಷ ಬಿಟ್ಟು ಮತ್ತೆ ಕೇಳಿ, ಆಗಲೂ ಆಗದಿದ್ದರೆ ಹಾಕಿಬಿಡಿ. ಹಸಿದ ನಾಯಿಯ ಜೊತೆ ಪಂತ ಕಟ್ಟುವುದು ನನಗಂತೂ ಒಪ್ಪಿಗೆಯಿಲ್ಲ.

ಹಂತ 2: ಎಳೆದಾಟ

ಒಂದು ಮೊಳದ ದಪ್ಪ ಹಗ್ಗವನ್ನೋ ಗಂಟು ಹಾಕಿದ ಬಟ್ಟೆಯನ್ನೋ ಆಟಕ್ಕೆ ಮೀಸಲಿಡಿ. ಆಟ ಮುಗಿದ ಮೇಲೆ ಅದು ಕಪಾಟಿಗೆ ಹೋಗಬೇಕು. ಮನೆಯಿಡೀ ಬಿದ್ದಿರುವ ಆಟಿಕೆಗೆ ಬೆಲೆಯಿಲ್ಲ. ನೆಲದ ಮೇಲೆ ಇಲಿಯಂತೆ ಸರಸರ ಓಡಿಸಿ, ನಾಯಿ ಹಿಡಿಯಲಿ, ಹದಿನೈದು ಸೆಕೆಂಡ್ ಎಳೆದಾಡಿ. ಈಗ ಹಗ್ಗವನ್ನು ತೊಡೆಗೆ ಒತ್ತಿ ಹಿಡಿದು ಅಲುಗಾಡದೆ ನಿಲ್ಲಿ. ಸತ್ತ ಆಟ ಯಾರಿಗೆ ಬೇಕು? ಸ್ವಲ್ಪ ಹೊತ್ತಿಗೆ ಬಾಯಿ ಸಡಿಲಾಗುತ್ತದೆ. 'ಭೇಷ್', ತಕ್ಷಣ ಮತ್ತೆ ಆಟ. ಹೀಗೆ ಕೆಲವು ಸಲ ಆದ ಮೇಲೆ, ಸಡಿಲಾಗುವ ಮುಂಚೆ 'ಬಿಡು' ಸೇರಿಸಿ. ಬಿಟ್ಟರೆ ಆಟ ಮುಗಿಯುವುದಿಲ್ಲ, ಮತ್ತೆ ಶುರುವಾಗುತ್ತದೆ ಅಂತ ಗೊತ್ತಾದ ನಾಯಿ ಬಾಯಿಂದ ಏನು ಬೇಕಾದರೂ ಬಿಡುತ್ತದೆ. ಮುಂದೊಂದು ದಿನ ಬೀದಿಯಲ್ಲಿ ಸಿಕ್ಕಿದ ಮೂಳೆಯನ್ನೂ.

ಹಲ್ಲು ಕೈಗೆ ತಾಗಿದರೆ ಆಟ ಅಲ್ಲಿಗೇ ನಿಲ್ಲುತ್ತದೆ, ಅರ್ಧ ನಿಮಿಷ. ಹಲ್ಲು ಬದಲಾಗುತ್ತಿರುವ ಮರಿಯಾದರೆ ಮೆತ್ತಗೆ ಆಡಿ, ಹಗ್ಗವನ್ನು ಮೇಲಕ್ಕೆತ್ತಿ ಜೋತಾಡಿಸಬೇಡಿ, ಕತ್ತಿಗೆ ಕೆಟ್ಟದ್ದು. ಎಲ್ಲ ನಾಯಿಗೂ ಎಳೆದಾಟ ರುಚಿಸುವುದಿಲ್ಲ. ಚೆಂಡು, ಓಡಿಸಿಕೊಂಡು ಹೋಗುವ ಆಟ, ಹುಡುಕುವ ಆಟ, ಯಾವುದಾದರೂ ಸರಿ.

ಆಟ ಚಾಲ್ತಿಗೆ ಬಂದಮೇಲೆ ಅದರೊಳಗೇ ಪಾಠ ತೂರಿಸಿ. ಎಳೆದಾಟ, ಬಿಡು, ಸಿಟ್, ಭೇಷ್, ಎಳೆದಾಟ. ಆಟದ ಬಿಸಿಯಲ್ಲಿ ಕೂರಲು ಬಂದ ನಾಯಿಗೆ ಬೀದಿಯ ಗಲಾಟೆಯಲ್ಲೂ ಕೂರಲು ಬರುತ್ತದೆ. ಇನ್ನೊಂದು ಲಾಭವೂ ಇದೆ. 16 ಲ್ಯಾಬ್ರಡಾರ್ ನಾಯಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪಾಠದ ನಂತರ ಅರ್ಧ ಗಂಟೆ ಆಟ, ಓಡಾಟ ಸಿಕ್ಕಿದ ನಾಯಿಗಳು ಸುಮ್ಮನೆ ಮಲಗಿದ್ದವಕ್ಕಿಂತ ಮರುದಿನ ಅದೇ ಪಾಠವನ್ನು ಬೇಗ ಹಿಡಿದವು.

ಹಂತ 3: ಕರೆದರೆ ಬರುವುದು

ಉಳಿದದ್ದೆಲ್ಲ ಶಿಸ್ತಿನ ಮಾತು, ಇದು ಜೀವದ ಮಾತು. ರಸ್ತೆಗೆ ನುಗ್ಗುತ್ತಿರುವ ನಾಯಿಗೆ ಬಿಸ್ಕತ್ತು ತೋರಿಸಲು ಸಮಯವಿರುವುದಿಲ್ಲ.

ಮೊದಲು ಕರೆಯನ್ನು ಹಾಳುಮಾಡುವುದನ್ನು ನಿಲ್ಲಿಸಿ. ಸ್ನಾನಕ್ಕೆ, ಉಗುರು ಕತ್ತರಿಸಲು, ಔಷಧಿಗೆ, ಬೈಯಲು, ಆಟ ಮುಗಿಸಿ ಮನೆಗೆ ಹೊರಡಲು ಕರೆಯಬೇಡಿ. ಅದಕ್ಕೆಲ್ಲ ನೀವೇ ನಡೆದು ಹೋಗಿ ಕರೆತನ್ನಿ. ನಾವು ಏನು ಮಾಡುತ್ತೇವೆಂದರೆ, ನಾಯಿಯನ್ನು ಮೈದಾನದಲ್ಲಿ ಬಿಟ್ಟು ಅರ್ಧ ಗಂಟೆ ಸುಮ್ಮನಿದ್ದು, ಹೊರಡುವಾಗ ಒಂದೇ ಒಂದು ಸಲ ಕರೆಯುತ್ತೇವೆ. ಕರೆ ಅಂದರೆ ಮೋಜು ಮುಗಿಯಿತು ಅಂತ ಅದಕ್ಕೆ ನಾವೇ ಕಲಿಸಿಕೊಟ್ಟಂತಾಯಿತು. ನಾಲ್ಕನೇ ಸಲ ಕೂಗಿದ ಮೇಲೆ ಬಂದ ನಾಯಿಗೆ ಒಂದೇಟು ಹಾಕುವವರೂ ಇದ್ದಾರೆ. ಅದಕ್ಕೆ ತಿಳಿದದ್ದು ಇಷ್ಟೇ: ಬಂದೆ, ಏಟು ಬಿತ್ತು.

ಮನೆಯೊಳಗೆ ಶುರುಮಾಡಿ. ಇಬ್ಬರು ಎರಡು ಕೋಣೆಯಲ್ಲಿ ನಿಂತು ಸರದಿಯಲ್ಲಿ ಕರೆಯಿರಿ. ಬಂದಾಗ ಹಗ್ಗದಾಟ ಅಥವಾ ಎದೆ ಕೆರೆಯುವುದು, ಆಮೇಲೆ ಇನ್ನೊಬ್ಬರು ಕರೆಯುತ್ತಾರೆ. ಆಮೇಲೆ ಬಾಗಿಲ ಸಂದಿಯಲ್ಲಿ, ಮಂಚದ ಹಿಂದೆ ಅಡಗಿ ಕರೆಯಿರಿ. ಹುಡುಕಿ ಸಿಕ್ಕಿದ ಖುಷಿ ಅದಕ್ಕೂ ಇದೆ, ನಿಮಗೂ ಇರುತ್ತದೆ.

ಹೊರಗೆ ಹೋಗುವಾಗ ಎಂಟು-ಹತ್ತು ಮೀಟರಿನ ಉದ್ದ ಹಗ್ಗ ಬೇಕು. ಅದನ್ನು ಕೊರಳಪಟ್ಟಿಗಲ್ಲ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ಓಟದ ಕೊನೆಯಲ್ಲಿ ಬೀಳುವ ಜಗ್ಗು ಕತ್ತಿನ ಮೇಲೆ ಬೀಳಬಾರದು. ನಿಮ್ಮ ಕೈಗೆ ಸುತ್ತಿಕೊಳ್ಳಲೂ ಬೇಡಿ, ಬೆರಳು ಮುರಿದೀತು. ಹಗ್ಗ ಇರುವುದು ನಾಯಿಯನ್ನು ಎಳೆದು ತರುವುದಕ್ಕಲ್ಲ, ನಿಮ್ಮ ಮಾತು ಕೇಳದೆಯೂ ಮೋಜು ಸಿಗುತ್ತದೆ ಅನ್ನುವ ಪಾಠ ಅದಕ್ಕೆ ಸಿಗದಂತೆ ತಡೆಯುವುದಕ್ಕೆ.

ನಾಯಿ ಏನನ್ನೋ ಮೂಸುತ್ತಿದೆ ಅಂದುಕೊಳ್ಳಿ. ಮೂಸುವುದರಲ್ಲಿ ಮುಳುಗಿರುವಾಗ ಬೇಡ, ತಲೆ ಸ್ವಲ್ಪ ಎತ್ತಿದ ಗಳಿಗೆಯಲ್ಲಿ ಕರೆಯಿರಿ, ಕರೆದು ಹಿಂದಕ್ಕೆ ಓಡಿ. ಓಡುವವರ ಹಿಂದೆ ಓಡುವುದು ನಾಯಿಯ ರಕ್ತದಲ್ಲೇ ಇದೆ. ಬಂದ ಕೂಡಲೇ 'ಭೇಷ್', ಕೊರಳಪಟ್ಟಿಯನ್ನು ಒಮ್ಮೆ ಮುಟ್ಟಿ, 'ಓಡು' ಅಂದು ಅದೇ ಜಾಗಕ್ಕೆ ವಾಪಸ್ ಕಳಿಸಿ. ಪ್ರಿಮ್ಯಾಕ್ ಹೇಳಿದ್ದು ಇಲ್ಲಿ ಪೂರ್ತಿ ಕೆಲಸಕ್ಕೆ ಬರುತ್ತದೆ. ಬಿಟ್ಟುಬಂದದ್ದೇ ಬಹುಮಾನವಾಗಿ ಮರಳಿ ಸಿಕ್ಕಿತು. ಹತ್ತು ಕರೆಯಲ್ಲಿ ಒಂಬತ್ತು ಸಲ ವಾಪಸ್ ಕಳಿಸುವವರನ್ನು ನಾಯಿ ನಂಬುತ್ತದೆ. ಪಟ್ಟಿ ಮುಟ್ಟುವುದು ಯಾಕೆಂದರೆ, ಹತ್ತಿರ ಬಂದು ಕೈಗೆ ಸಿಗದೆ ಕುಣಿಯುವ ಕಲೆ ಅದಕ್ಕೆ ಹತ್ತಬಾರದು.

ಕರೆದಾಗ ಬರಲಿಲ್ಲವೇ? ಮತ್ತೆ ಕೂಗಬೇಡಿ. ಹಗ್ಗ ಹಿಡಿದು ಹತ್ತಿರ ನಡೆದು ಹೋಗಿ, ಅದರ ಗಮನ ಸೆಳೆದು, ನಾಲ್ಕು ಹೆಜ್ಜೆ ದೂರದಿಂದ ಕರೆಯಿರಿ. ದೂರ ಜಾಸ್ತಿಯಾಗಿತ್ತು ಅಷ್ಟೆ. ಹಗ್ಗ ತೆಗೆಯುವ ಆತುರ ಬೇಡ. ಮೂರು-ನಾಲ್ಕು ಬೇರೆ ಬೇರೆ ಜಾಗದಲ್ಲಿ, ಬೇರೆ ನಾಯಿಗಳಿರುವಾಗಲೂ ಮೊದಲ ಕರೆಗೇ ತಿರುಗುವವರೆಗೆ ಅದು ನೆಲದ ಮೇಲೆ ಎಳೆದಾಡುತ್ತಿರಲಿ. ನನಗೆ ಇದಕ್ಕೆ ಐದು ತಿಂಗಳು ಬೇಕಾಯಿತು. ಹದಿನೈದು ದಿನದಲ್ಲಿ ಆಗುತ್ತದೆ ಅನ್ನುವವರ ನಾಯಿಯನ್ನು ನಾನಿನ್ನೂ ನೋಡಿಲ್ಲ. ವಾಹನ ಓಡಾಡುವ ಕಡೆ ಮಾತ್ರ ಎಷ್ಟೇ ಕಲಿತ ನಾಯಿಯಾದರೂ ಬೆಲ್ಟ್ ಬೇಕೇ ಬೇಕು.

ಹಂತ 4: ನಡಿಗೆ ಮತ್ತು 'ಇರು'

ಬೆಲ್ಟ್ ಬಿಗಿಯಾದ ಕೂಡಲೇ ನಿಂತುಬಿಡಿ, ಸಡಿಲಾದಾಗ ನಡೆಯಿರಿ. ಸೂತ್ರ ಇಷ್ಟೇ, ಪಾಲಿಸುವುದು ಮಾತ್ರ ಬೇಸರದ ಕೆಲಸ. ಒಂದು ದಿನ ನಿಂತು, ಮರುದಿನ ಎಳೆಸಿಕೊಂಡು ಹೋದರೆ ಎಳೆಯುವುದು ಇನ್ನೂ ಗಟ್ಟಿಯಾಗುತ್ತದೆ. ಇಲ್ಲಿ ಸಂಬಳ ವಾಸನೆ. ಹತ್ತಿಪ್ಪತ್ತು ಹೆಜ್ಜೆ ಸಡಿಲ ಬೆಲ್ಟಿನಲ್ಲಿ ಬಂದರೆ 'ಓಡು' ಅಂದು ಅದಕ್ಕೆ ಬೇಕಾದ ಪೊದೆಗೆ ಕರೆದೊಯ್ದು ಮನಸೋ ಇಚ್ಛೆ ಮೂಸಲು ಬಿಡಿ. ನಾಯಿಗೆ ವಾಕಿಂಗ್ ಅಂದರೆ ದಿನಪತ್ರಿಕೆ ಓದುವ ಹೊತ್ತು, ನಾವು ಪುಟ ತಿರುಗಿಸಲೂ ಬಿಡದೆ ಎಳೆಯುತ್ತೇವೆ.

'ಇರು' ಕಲಿಸುವಾಗ ಮೂರು ಅಳತೆ ಇವೆ: ಎಷ್ಟು ಹೊತ್ತು, ಎಷ್ಟು ದೂರ, ಸುತ್ತ ಎಷ್ಟು ಗದ್ದಲ. ಒಂದು ಹೊತ್ತಿಗೆ ಒಂದನ್ನೇ ಏರಿಸಿ. ದೂರ ಹೋಗುವುದಿದ್ದರೆ ಹೊತ್ತು ಕಡಿಮೆ ಮಾಡಿ. 'ಓಡು' ಅನ್ನಲು ಮರೆತು ನೀವು ಅಡುಗೆಮನೆಗೆ ಹೋದರೆ, ಇರುವುದು ಯಾವಾಗ ಮುಗಿಯುತ್ತದೆ ಅನ್ನುವ ತೀರ್ಮಾನ ನಾಯಿಯ ಪಾಲಾಗುತ್ತದೆ.

ಈಗಾಗಲೇ ತಿಂಡಿಗೆ ಅಂಟಿಕೊಂಡಿದ್ದರೆ

ಒಮ್ಮೆಲೇ ನಿಲ್ಲಿಸಬೇಡಿ. ಮೊದಲು ತಿಂಡಿಯನ್ನು ಮೈಮೇಲಿಂದ ಇಳಿಸಿ. ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಪಕ್ಕದ ಕೋಣೆಯ ಕಪಾಟಿನಲ್ಲಿಡಿ. ಖಾಲಿ ಕೈಯಲ್ಲಿ 'ಸಿಟ್' ಅನ್ನಿ. ಕೂತರೆ 'ಭೇಷ್' ಅಂದು ಅದರ ಜೊತೆ ಓಡಿ ಹೋಗಿ ಡಬ್ಬಿಯಿಂದ ಕೊಡಿ. ಕೈ ಖಾಲಿಯಿದ್ದರೂ ಸಂಬಳ ಬರುತ್ತದೆ ಅನ್ನುವುದು ತಲೆಗೆ ಹೋಗಲು ಮೂರು-ನಾಲ್ಕು ದಿನ ಸಾಕು. ಇದೇ ಅತಿ ಮುಖ್ಯ ತಿರುವು, ಮಿಕ್ಕಿದ್ದು ತಾಳ್ಮೆ.

ಆಮೇಲೆ ಹತ್ತು ಸಲದಲ್ಲಿ ಆರು ಸಲ ಡಬ್ಬಿ, ನಾಲ್ಕು ಸಲ ಆಟ ಅಥವಾ ಬಾಗಿಲು. ಮುಂದಿನ ವಾರ ಡಬ್ಬಿ ನಾಲ್ಕೇ ಸಲ, ಆಮೇಲೆ ಎರಡು. ಯಾವ ಸಲ ಯಾವುದು ಅಂತ ನಾಯಿಗೆ ಅಂದಾಜು ಸಿಗಬಾರದು. ಯಾವಾಗ ಬರುತ್ತದೆಂದು ಗೊತ್ತಿಲ್ಲದ ಬಹುಮಾನದ ಮೇಲೆ ನಿಂತ ಅಭ್ಯಾಸ ಬೇಗ ಅಳಿಯುವುದಿಲ್ಲ, ಮನೋವಿಜ್ಞಾನಿಗಳಾದ ಬಿ.ಎಫ್. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ದೊಡ್ಡ ಕೆಲಸವೆಲ್ಲ ಇಂಥ ಬಹುಮಾನದ ಲೆಕ್ಕಾಚಾರದ ಮೇಲೆಯೇ.

ನಡುವೆ ಒಂದು ದಿನ ನಾಯಿ ಜಗಳಕ್ಕೆ ನಿಲ್ಲುತ್ತದೆ. ಬೊಗಳುತ್ತದೆ, ಪಂಜದಿಂದ ಕೆರೆಯುತ್ತದೆ, ಗೊತ್ತಿರುವ ಆಟವನ್ನೆಲ್ಲ ಒಂದಾದ ಮೇಲೊಂದು ಮಾಡಿ ತೋರಿಸುತ್ತದೆ. ವಿಧಾನ ಕೆಟ್ಟಿತೆಂದು ಹೆದರಬೇಡಿ, ಹಳೆಯ ಅಭ್ಯಾಸ ಸಾಯುವ ಮುಂಚೆ ಹೀಗೆ ಒಮ್ಮೆ ಭುಗಿಲೇಳುತ್ತದೆ. ಆ ಹೊತ್ತಿನಲ್ಲಿ ಸೋತು ಡಬ್ಬಿ ತೆಗೆದಿರೋ, ಬೊಗಳಿದರೆ ತೆಗೆಯುತ್ತಾರೆ ಅನ್ನುವುದೇ ಹೊಸ ಪಾಠ. ಅದು ಸುಮ್ಮನಾಗುವವರೆಗೆ ಕಾದು, ಸುಲಭದ್ದೊಂದನ್ನು ಹೇಳಿ, ಮಾಡಿದರೆ ಬಾಗಿಲು ತೆರೆದು ಹೊರಗೆ ಕರೆದೊಯ್ಯಿರಿ.

ಪಾಠ ಉದ್ದವಾಗಬಾರದು, ಮೂರರಿಂದ ಐದು ನಿಮಿಷ ಸಾಕು. ದಿನವೂ ಆಗದಿದ್ದರೆ ತಲೆಕೆಡಿಸಿಕೊಳ್ಳಬೇಡಿ. 44 ಬೀಗಲ್ ನಾಯಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಒಂದೆರಡು ಸಲ ಕಲಿತವು ದಿನವೂ ಕಲಿತವಕ್ಕಿಂತ ಕಡಿಮೆ ಪಾಠಗಳಲ್ಲಿ ಕಲಿತವು.

ತಿಂಡಿ ಬೇಡ ಅಂದರೆ ಕೋಲು ಅಂತಲ್ಲ

ತಿಂಡಿ ಬಿಟ್ಟ ಕೂಡಲೇ ಕೆಲವರ ಕೈ ಕೊರಳ ಸರಪಳಿಗೆ ಹೋಗುತ್ತದೆ. 'ನಾಯಿಗೆ ನೀನೇ ಗುಂಪಿನ ನಾಯಕ ಅಂತ ತೋರಿಸಬೇಕು, ಕೆಡವಿ ಒತ್ತಿ ಹಿಡಿಯಬೇಕು' ಅನ್ನುವ ಉಪದೇಶ ಇನ್ನೂ ಓಡಾಡುತ್ತಿದೆ. ಅದರ ಬೇರು ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ, ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. ಆ ಕಲ್ಪನೆಯನ್ನು 1970ರ ತನ್ನ ಪುಸ್ತಕದ ಮೂಲಕ ಜನರಿಗೆ ಮುಟ್ಟಿಸಿದ ತೋಳಗಳ ಸಂಶೋಧಕ ಡೇವಿಡ್ ಮೆಕ್ ಸ್ವತಃ 1999ರಲ್ಲಿ ಅದನ್ನು ತಿದ್ದಿದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಅಧಿಕಾರಕ್ಕಾಗಿ ಕಾದಾಡುವ ಪಡೆಯಲ್ಲ.

ನೋವಿನಿಂದ ಕಲಿಸಬಹುದು, ಇಲ್ಲವೆನ್ನುವುದಿಲ್ಲ. ಆದರೆ ಅದರ ಬೆಲೆಯನ್ನು ಪೋರ್ಚುಗಲ್‌ನಲ್ಲಿ 92 ಸಾಕುನಾಯಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಅಳೆದಿದೆ. ಗದರಿಕೆ, ಜಗ್ಗು, ಶಾಕ್ ಹೆಚ್ಚಾಗಿ ಬಳಸುವ ಕಡೆ ಕಲಿತ ನಾಯಿಗಳಲ್ಲಿ ಪಾಠದ ಹೊತ್ತಿನಲ್ಲಿ ತುಟಿ ನೆಕ್ಕುವುದು, ಆಕಳಿಸುವುದು ಹೆಚ್ಚಿತ್ತು, ಪಾಠದ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಏರಿತ್ತು. ಮನೆಯಲ್ಲಿ ನೀವೂ ಇದನ್ನೇ ನೋಡಿಕೊಳ್ಳಿ. ನಿದ್ದೆಯಿಲ್ಲದ ಆಕಳಿಕೆ, ತಿಂಡಿಯಿಲ್ಲದೆ ತುಟಿ ನೆಕ್ಕುವುದು ಕಂಡರೆ ಪಾಠ ನಿಲ್ಲಿಸಿ.

ತಿಂಡಿ ಜೇಬಿಗೆ ಮರಳಬೇಕಾದ ಹೊತ್ತು

ಹೆದರಿದ ನಾಯಿಗೆ ಆಟ ಬೇಡ, ಮೂಸುವುದೂ ಬೇಡ. ಪಟಾಕಿ ಸದ್ದು, ಪಶುವೈದ್ಯರ ಮೇಜು, ಉಗುರು ಕತ್ತರಿ, ಅಪರಿಚಿತ ನಾಯಿಯ ಗುರುಗುಟ್ಟುವಿಕೆ, ಇಲ್ಲೆಲ್ಲ ತಿಂಡಿಯನ್ನು ಧಾರಾಳವಾಗಿ ಬಳಸಿ. ಅಲ್ಲಿ ಅದು ಕೆಲಸಕ್ಕೆ ಕೊಡುವ ಕೂಲಿಯೇ ಅಲ್ಲ. ಕೆಟ್ಟ ಜಾಗಕ್ಕೂ ಒಳ್ಳೆಯ ರುಚಿಗೂ ನಂಟು ಕಟ್ಟುವ ಕೆಲಸ. ಕಚ್ಚಲು ಬರುವ ನಾಯಿಯಿದ್ದರೆ ಈ ಲೇಖನವನ್ನು ಮಡಚಿಟ್ಟು, ನಡವಳಿಕೆ ಬಲ್ಲ ಪಶುವೈದ್ಯರನ್ನು ಕಾಣಿ. ಚೆನ್ನಾಗಿ ಕೂರುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಕೂರುತ್ತಿಲ್ಲವಾದರೂ ಅಷ್ಟೆ. ಅದಕ್ಕೆ ಸೊಂಟ, ಮಂಡಿ ನೋಯುತ್ತಿರಬಹುದು, ಕಿವಿ ಕೇಳದಿರಬಹುದು.

ಮರಿ ಎಂಟು ತಿಂಗಳಿಗೆ ಬಂದಾಗ ಎಲ್ಲ ಮರೆತಂತೆ ಆಡಿದರೆ ಮಾತ್ರ ಗಾಬರಿ ಬೇಡ. ಲೂಸಿ ಆಶರ್ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ತಿಂಗಳಲ್ಲಿ ಮಾತು ಕೇಳುತ್ತಿದ್ದ ಮರಿಗಳು ಎಂಟು ತಿಂಗಳಲ್ಲಿ ಸಾಕಿದವರ ಮಾತು ಕಡಿಮೆ ಕೇಳುತ್ತಿದ್ದವು, ಆದರೆ ಅಪರಿಚಿತರು ಹೇಳಿದರೆ ಕೂರುತ್ತಿದ್ದವು. ಹದಿಹರೆಯದ ಮಕ್ಕಳಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕೆಲವು ತಿಂಗಳು ಉದ್ದ ಹಗ್ಗವನ್ನು ಮತ್ತೆ ಕಟ್ಟಿ, ದೂರ ಕಡಿಮೆ ಮಾಡಿ, ಬಾಗಿಲ ಪಾಠಕ್ಕೆ ಹಿಂತಿರುಗಿ.